ಒದೀಲ್ ಬಾರಿಸಿದ ಬೆಂಕಿಗಂಟೆ

ಯೂರೋಪಿನಲ್ಲಿ ಎರಡು ದೇಶಗಳ ನಡುವೆ ಗಡಿಯಾಗಿ ಒಂದು ಹೊಳೆ ಹರಿಯುತ್ತಿತ್ತು. ಆಚೆ ಒಂದು ಹಳ್ಳಿ, ಈಚೆ ಒಂದು ಹಳ್ಳಿ. ಈಚೆಯ ಚರ್ಚಿನಲ್ಲಿ ಗಂಟೆ ಬಾರಿಸುವ ಕೆಲಸ ಒದೀಲ್ ಎಂಬ ವಿಧವೆಯದು. ನಿಧಾನವಾಗಿ ಬಾರಿಸಿದರೆ ಪ್ರಾರ್ಥನೆಯ ಹೊತ್ತು. ಬಿಡದೆ ಬಡಿದರೆ ಎಲ್ಲೋ ಬೆಂಕಿ ಬಿದ್ದಿದೆ ಎಂದರ್ಥ. ಬೆಂಕಿಗಂಟೆ ಕೇಳಿದ ಕೂಡಲೇ ಎರಡೂ ಊರಿನವರು ಕೈಲಿದ್ದ ಕೆಲಸ ಬಿಟ್ಟು ಬಕೆಟ್ ಹಿಡಿದು ಓಡಿಬರಬೇಕು. ಅದಕ್ಕೆ ಗಡಿ ಗಿಡಿ ಏನೂ ಅಡ್ಡ ಬರುವಂತಿಲ್ಲ. ಮುತ್ತಜ್ಜರ ಕಾಲದಿಂದ ಬಂದ ಕಟ್ಟಳೆ ಅದು.

ಒಂದು ಬೇಸಿಗೆಯಲ್ಲಿ ದೂರದ ಪಟ್ಟಣವೊಂದರಲ್ಲಿ ಯಾರೋ ಒಬ್ಬ ಯುವರಾಜನನ್ನು ಗುಂಡಿಟ್ಟು ಕೊಂದರು. ಒಬ್ಬ ಚಕ್ರವರ್ತಿ ಸಿಟ್ಟಾದ. ಇನ್ನೊಬ್ಬ ಅವನ ಬೆನ್ನಿಗೆ ನಿಂತ, ಮತ್ತೊಬ್ಬ ಎದುರಿಗೆ ನಿಂತ. ಈ ದೊರೆಗಳಲ್ಲಿ ಕೆಲವರು ಹತ್ತಿರದ ನೆಂಟರು, ಒಂದೇ ಮದುವೆಮನೆಯಲ್ಲಿ ಕೂತು ಉಂಡವರು. ಆದರೂ ಒಬ್ಬರೂ ತಗ್ಗಲಿಲ್ಲ. ತಿರುವುವ ಮೀಸೆ ಅವರದು, ಸಾಯಬೇಕಾದವರು ಮಾತ್ರ ಹಳ್ಳಿಯ ಹುಡುಗರು.

ಬೆಂಕಿಗಂಟೆ ಬಾರಿಸಿ ಜನ ಸೇರಿಸಬೇಕೆಂದು ಮೇಲಿನಿಂದ ಅಪ್ಪಣೆ ಬಂತು. ಒದೀಲ್ ಮರುಮಾತಾಡದೆ ಬಾರಿಸಿದಳು. ಜನ ಬಕೆಟ್ ಹಿಡಿದು ಓಡಿಬಂದರು. ಹೊಳೆಯಾಚೆಯವರೂ ಬಂದರು. ಆಚೆಯೂರಿನ ಮುದುಕ ಕಮ್ಮಾರ ಬಾಸ್ತಿಯನ್ ಏದುಸಿರು ಬಿಡುತ್ತ ಕೇಳಿದ:

"ಬೆಂಕಿ ಎಲ್ಲಿ, ತಾಯಿ?"

ಯುದ್ಧ ಶುರುವಾಗಿದೆ, ಹೊಳೆಯಾಚೆಯವರು ಇನ್ನು ಶತ್ರುಗಳು ಎಂದು ಅಧಿಕಾರಿಯೊಬ್ಬ ಸಾರಿದ. ಬಾಸ್ತಿಯನ್ ತುಂಬಿದ ಬಕೆಟ್ ಹೊತ್ತುಕೊಂಡೇ ಮನೆಗೆ ಮರಳಿದ. ಒದೀಲಳ ಹಿರಿಮಗ ಮಥೀಸ್ ತನ್ನ ಬಕೆಟನ್ನು ಗಂಟೆಗೋಪುರದ ಬಾಗಿಲಲ್ಲಿಟ್ಟು ಸೈನ್ಯಕ್ಕೆ ಹೋದ. ಅವನು ಮತ್ತೆ ಬರಲಿಲ್ಲ. ಬಕೆಟ್ ಅಲ್ಲೇ ಉಳಿಯಿತು.

ಕ್ರಿಸ್‌ಮಸ್ ಹೊತ್ತಿಗೆ ಎಲ್ಲ ಮುಗಿದುಹೋಗುತ್ತದೆ ಎಂದಿದ್ದರು ದೊಡ್ಡವರು. ನಾಲ್ಕು ಕ್ರಿಸ್‌ಮಸ್ ಕಳೆದವು. ಕೊನೆಗೆ ಹೊಳೆಯಾಚೆಯ ದೇಶದವರಿಗೆ ತಿನ್ನಲು ಬ್ರೆಡ್ಡಿಲ್ಲ, ಕಾದಲು ಹುಡುಗರಿಲ್ಲ ಎಂಬಂತಾಯಿತು. ಅವರ ಚಕ್ರವರ್ತಿ ಪಟ್ಟ ಬಿಟ್ಟು ಪರದೇಶಕ್ಕೆ ಓಡಿಹೋದ. ಚಳಿ ಹಿಡಿದ ಒಂದು ದಿನ ಬೆಳಗಿನ ಜಾವ ಕದನ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಬಂದೂಕು ಕೆಳಗಿಡುವುದು ಹನ್ನೊಂದು ಗಂಟೆಗೆ ಎಂದು ಗೊತ್ತುಮಾಡಿದ್ದರು.

ಆ ಹೊತ್ತಿಗೆ ಯುದ್ಧ ಒದೀಲಳ ಊರಿನ ಹೊಳೆಗೇ ಬಂದು ನಿಂತಿತ್ತು. ಈಚೆ ಸೈನ್ಯದ ಮೇಜರ್ ಅವಳನ್ನು ಕರೆಸಿ, ಹನ್ನೊಂದಕ್ಕೆ ಜಯದ ಗಂಟೆ ಬಾರಿಸು, ಅಲ್ಲಿಯವರೆಗೆ ಹಗ್ಗ ಮುಟ್ಟಬೇಡ ಎಂದ. ಅಷ್ಟರೊಳಗೆ ಹೊಳೆ ದಾಟಿ ಎದುರಿನ ಗುಡ್ಡ ಹಿಡಿಯುವ ಹುಮ್ಮಸ್ಸು ಅವನಿಗೆ. ಮುಂದೆ ಹೋಗಲಿದ್ದ ದಳದಲ್ಲಿ ಅವಳ ಉಳಿದೊಬ್ಬ ಮಗ ಲೂಕಾಸ್ ಇದ್ದ.

"ಸಹಿ ಆಗಿದೆ ಅಂತೀರಿ. ಗುಡ್ಡ ನಾಳೆ ಹೇಗೂ ನಿಮ್ಮದೇ. ಇವತ್ತು ಹುಡುಗರು ಯಾಕೆ ಸಾಯಬೇಕು ಸಾಹೇಬರೇ?" ಎಂದು ಕೇಳಿದಳು ಒದೀಲ್.

ಅಪ್ಪಣೆ ಅಂದರೆ ಅಪ್ಪಣೆ ಎಂದ ಮೇಜರ್. ಮೀರಿದರೆ ಜೈಲು ಎಂದೂ ಸೇರಿಸಿದ.

ಒದೀಲ್ ನೆಟ್ಟಗೆ ಗೋಪುರಕ್ಕೆ ನಡೆದಳು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದಳು. ಹಗ್ಗ ಹಿಡಿದು ಬೆಂಕಿಗಂಟೆ ಬಾರಿಸಿದಳು. ಸಿಪಾಯಿಗಳು ಬಾಗಿಲು ಬಡಿದರು, ಅವಳು ಬಿಡಲಿಲ್ಲ. ಅಂಗೈ ಕಿತ್ತುಬಂದರೂ ಬಿಡಲಿಲ್ಲ.

ನೆಲಮಾಳಿಗೆಗಳಲ್ಲಿ ಅಡಗಿದ್ದ ಹೆಂಗಸರು, ಮುದುಕರು ಬಕೆಟ್ ಹಿಡಿದು ಹೊರಬಿದ್ದರು. ಹೊಳೆಯಾಚೆಯೂ ಬಾಗಿಲುಗಳು ತೆರೆದವು. ನಾಲ್ಕು ವರ್ಷ ಶತ್ರುಗಳೆನಿಸಿಕೊಂಡವರು ಕಟ್ಟಳೆ ಮರೆತಿರಲಿಲ್ಲ. ಎರಡು ಸೈನ್ಯಗಳ ನಡುವೆ, ಹೊಳೆಯ ಎರಡೂ ದಂಡೆಗೆ, ಜನ ಬಂದು ತುಂಬಿಕೊಂಡರು. ಬಾಗಿಲು ಬಡಿಯುತ್ತಿದ್ದ ಸಿಪಾಯಿಗಳೂ ಜನರನ್ನು ತಡೆಯಲು ದಂಡೆಗೆ ಓಡಿದರು. ಒದೀಲ್ ಅಗುಳಿ ತೆಗೆದು ಹೊರಬಂದು ಮಥೀಸನ ಬಕೆಟ್ ಎತ್ತಿಕೊಂಡು ಅವರ ನಡುವೆ ಹೋಗಿ ನಿಂತಳು. ಆಚೆ ದಂಡೆಯಿಂದ ಬಾಸ್ತಿಯನ್ ಕೂಗಿ ಅದೇ ಮಾತು ಕೇಳಿದ: ಬೆಂಕಿ ಎಲ್ಲಿ, ತಾಯಿ?

ಒದೀಲ್ ಎರಡೂ ಕಡೆಯ ಫಿರಂಗಿಗಳತ್ತ ಕೈ ತೋರಿಸಿದಳು. ಬಾಸ್ತಿಯನ್ ತಲೆಯಾಡಿಸಿ ನಿಂತಲ್ಲೇ ನಿಂತ. ಒಬ್ಬರೂ ಕದಲಲಿಲ್ಲ. ಮೇಜರ್ ಗುಂಡು ಹಾರಿಸಿ ಎಂದು ಗಂಟಲು ಹರಿಯುವಂತೆ ಕೂಗಿದ. ಹೆಂಗಸರ ಮೇಲೆ ಗುಂಡು ಹಾರಿಸಲು ಇತ್ತ ಲೂಕಾಸನ ದಳದವರಿಗೂ ಕೈ ಬರಲಿಲ್ಲ, ಗುಡ್ಡದ ಮೇಲಿನವರಿಗೂ ಬರಲಿಲ್ಲ. ಬೇರೆಲ್ಲ ಕಡೆ ಆ ಬೆಳಗ್ಗೆಯೂ ಹುಡುಗರು ಸತ್ತರು. ಆ ಹೊಳೆಯ ದಂಡೆಯಲ್ಲಿ ಒಬ್ಬನೂ ಸಾಯಲಿಲ್ಲ.

ಹನ್ನೊಂದಾದ ಮೇಲೆ ಮೇಜರ್ ಅವಳನ್ನು ಹಿಡಿಸಿ ತರಿಸಿದ. ಯಾರ ಅಪ್ಪಣೆಯ ಮೇಲೆ ಬಾರಿಸಿದೆ ಎಂದು ಗದರಿಸಿದ. ಒದೀಲ್ ರಕ್ತ ಸೋರುವ ಕೈಗಳನ್ನು ಮುಂದೆ ಚಾಚಿದಳು.

"ಮೊದಲ ಸಲ ಅಪ್ಪಣೆ ಇತ್ತು, ಬೆಂಕಿ ಇರಲಿಲ್ಲ. ಬಾರಿಸಿದೆ, ಒಬ್ಬ ಮಗ ಹೋದ. ಈ ಸಲ ಬೆಂಕಿ ಇತ್ತು, ನಿಮ್ಮ ಅಪ್ಪಣೆ ಇರಲಿಲ್ಲ. ಕೋಳ ಹಾಕಿ ಸಾಹೇಬರೇ, ನನ್ನ ಇನ್ನೊಬ್ಬ ಮಗ ಬದುಕಿದ್ದಾನೆ."

ಕೋಳ ಹಾಕಬೇಕಾದ ಸಿಪಾಯಿ ಲೂಕಾಸನ ದಳದವನೇ. ಅವನು ಕೋಳವನ್ನು ನೆಲಕ್ಕೆ ಹಾಕಿ, ಅವಳ ಕೈಗೆ ತನ್ನ ಕರವಸ್ತ್ರ ಸುತ್ತಿದ.

ನೀತಿ ಇಷ್ಟೇ: ದೊಡ್ಡವರ ಹಟದಿಂದ ಯುದ್ಧ ಹುಟ್ಟುತ್ತದೆ, ಸಣ್ಣವರು ಮರುಮಾತಾಡದೆ ಇದ್ದರೆ ಬೆಳೆಯುತ್ತದೆ. ಕೊಲ್ಲುವುದನ್ನು ನಿಲ್ಲಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.