ಬೇಡ ಎನ್ನದ ಬೋಲ್ಟಮ್ಮ

"ಮತ್ತೆ ಬಂದೆಯಾ? ಎಣ್ಣೆ ಹಚ್ಚಿಸಿಕೊಂಡು ಒಂದು ಗಳಿಗೆ ಕೂರಲೂ ಬಿಡುವುದಿಲ್ಲ," ಎಂದು ಹಳೆಯ ಕೋವಿಯಲ್ಲಿ ಗುಂಡಿನ ಬೆನ್ನಿಗೆ ಚಿಲಕದಂತೆ ನಿಲ್ಲುವ ಬೋಲ್ಟಮ್ಮ ಅಳತೆಗುಂಡಿನ ಮೇಲೆ ರೇಗಿದಳು.

ಅಳತೆಗುಂಡು ಮದ್ದಿಲ್ಲದ ಉಕ್ಕಿನ ತುಂಡು. ನಿಜವಾದ ಗುಂಡಿಗಿಂತ ಕೂದಲೆಳೆಯಷ್ಟು ಉದ್ದ. ಅದು ಒಳಗಿರುವಾಗ ಸರಿಯಾದ ಬೋಲ್ಟು ಮುಚ್ಚಿಕೊಳ್ಳಬಾರದು. ಕೋವಿ ರಿಪೇರಿಯ ಪೊನ್ನಪ್ಪ ಅದನ್ನು ಒಳಗಿಟ್ಟು ಮೆಲ್ಲಗೆ ತಳ್ಳಿದ. ಬೋಲ್ಟಮ್ಮ ಸಲೀಸಾಗಿ ಮುಚ್ಚಿಕೊಂಡಳು.

"ನೋಡು, ಯಾರು ಬಂದರೂ ಹೊಂದಿಕೊಳ್ಳುತ್ತೇನೆ. ಹೊಂದಿಕೊಂಡು ಹೋಗುವವಳೇ ಮನೆಗೆ ಲಕ್ಷಣ."

"ನನಗೆ ನೀನು ಜಾಗ ಕೊಡಬಾರದಿತ್ತು, ಅಕ್ಕಾ. ಸವೆದು ಸವೆದು ನಿನಗೂ ಗುಂಡಿಗೂ ನಡುವೆ ಸಂದು ಬಿದ್ದಿದೆ. ಆ ಸಂದಿನಲ್ಲಿ ಗುಂಡಿನ ಹಿತ್ತಾಳೆ ಹರಿದರೆ ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ನಾಳೆ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡಲು ಈ ಕೋವಿಗೆ ಕೆನ್ನೆ ಒರಗಿಸುವವಳು ಕೋವಿಯ ಒಡೆಯರ ಮಗಳು ಬೊಳ್ಳವ್ವ."

ಬೋಲ್ಟಮ್ಮ ತಣ್ಣಗಾದಳು. "ಬೇಡ ಅನ್ನುವುದನ್ನು ನನಗೆ ಯಾರೂ ಕಲಿಸಲಿಲ್ಲ."

ಪೊನ್ನಪ್ಪ ಅವಳನ್ನು ಗುಜರಿ ಡಬ್ಬಿಗೆ ಎಸೆದು, ಬಿಗಿಯಾದ ಬೇರೊಂದನ್ನು ಅಳೆದು ಕೂರಿಸಿದ.

ಅಳತೆಗುಂಡು ಡಬ್ಬಿಯೊಳಗೆ ಇಣುಕಿ ಕೇಳಿತು: "ಅಕ್ಕಾ, ಬೊಳ್ಳವ್ವನಿಗೂ ಮನೆಯಲ್ಲಿ ಹೊಂದಿಕೊಂಡು ಹೋಗು ಎಂದೇ ಕಲಿಸುತ್ತಿದ್ದಾರೆ. ನೀನು ಸವೆದದ್ದನ್ನು ನಾನು ಹೇಳಿದೆ. ಅವಳು ಸವೆದರೆ ಯಾರು ಹೇಳುತ್ತಾರೆ?"