ಹುತ್ತಕ್ಕೆ ಕಾಳು ಬಂದ್

ಹುತ್ತದ ಹಾವು ತಮ್ಮ ಮೊಟ್ಟೆಗಳ ಮೇಲೆ ಹರಿದುಹೋದ ದಿನವೇ ಇರುವೆಗಳು ಹುತ್ತಕ್ಕೆ ಬಹಿಷ್ಕಾರ ಹಾಕಿದವು. ಹಾವು ಬಂದು ತಪ್ಪಾಯಿತೆನ್ನುವವರೆಗೆ ಹೊಲದ ಬದು ದಾಟಿ ಒಂದು ಕಾಳೂ ಆಚೆ ಹೋಗಕೂಡದು. ಆ ಮೊಟ್ಟೆಗಳನ್ನು ಕಂಡವರೆಲ್ಲ ಸತ್ತು ಮಣ್ಣಾದರು. ಬಹಿಷ್ಕಾರ ಮಾತ್ರ ಉಳಿಯಿತು. ಈಗ ಬದುವಿನ ಕಾವಲು ಕೆಂಚವ್ವನೆಂಬ ಇರುವೆಯದು.

ಒಂದು ಬೆಳಿಗ್ಗೆ ಹುತ್ತದಿಂದ ಬಡಕಲು ಇಲಿಯೊಂದು ಕಾಲೆಳೆಯುತ್ತ ಬಂತು.

“ಕೆಂಚಕ್ಕಾ, ನಾಲ್ಕು ಕಾಳು ಜೋಳ ಒಯ್ಯಲು ಬಿಡು. ಮರಿಗಳಿಗೆ ಹಾಲಿಲ್ಲ.”

“ನಿಮ್ಮ ದೊರೆ ಆ ಹಾವೇ ಹಸಿದು ಬಂದು ಕೇಳಲಿ, ಬಿಡುತ್ತೇವೆ.”

“ಅವನು ಜೋಳ ತಿನ್ನುವುದಿಲ್ಲ ಕಣಕ್ಕಾ!”

ಕೆಂಚವ್ವನಿಗೆ ನಗು ಬಂತು. ಕಾಳು ತಿನ್ನದ ಜೀವ ಉಂಟೇ? “ಮತ್ತೇನು ತಿನ್ನುತ್ತಾನೆ?”

“ನಮ್ಮನ್ನು. ನಮ್ಮ ಹೊಟ್ಟೆ ತುಂಬಿದ್ದಾಗ ಓಡಿ ತಪ್ಪಿಸಿಕೊಳ್ಳುತ್ತಿದ್ದೆವು. ಈಗ ಕಾಲೇ ಏಳುವುದಿಲ್ಲ.”

ಕೆಂಚವ್ವ ಹೋಗಿ ಗೂಡಿನ ಯಜಮಾನಿ ದೊಡ್ಡವ್ವನಿಗೆ ಇದನ್ನು ಹೇಳಿದಳು. ದೊಡ್ಡವ್ವ ಹಿಗ್ಗಿದಳು. “ಅಳುತ್ತಿದ್ದಾರೆಯೇ? ಹಾಗಾದರೆ ಬಿಸಿ ಮುಟ್ಟಿದೆ. ಇನ್ನೂ ಬಿಗಿ ಮಾಡು.” ಕೆಂಚವ್ವ ಬಿಗಿ ಮಾಡಿದಳು. ಆ ಇಲಿ ಮತ್ತೆ ಬರಲಿಲ್ಲ. ಬೇರೆ ಇಲಿಯೂ ಬರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಹಾವೇ ಬದುವಿಗೆ ಬಂತು. “ಕೊನೆಗೂ ಬಗ್ಗಿದ ನೋಡು!” ಎಂದು ದೊಡ್ಡವ್ವ ಮುಂದೆ ನುಗ್ಗಿದಳು. ಕೆಂಚವ್ವ ಮಾತ್ರ ಅದರ ಉಬ್ಬಿದ ಹೊಟ್ಟೆಯನ್ನೇ ನೋಡುತ್ತ ನಿಂತಳು.

ಹಾವು ವಿನಯದಿಂದ ಹೆಡೆ ತಗ್ಗಿಸಿತು.

“ನಮ್ಮ ಹುತ್ತದಲ್ಲಿ ಇಲಿಗಳು ಮುಗಿದವು, ತಾಯಂದಿರಾ. ಇನ್ನು ಯಾವ ಹುತ್ತಕ್ಕೆ ಬಹಿಷ್ಕಾರ ಹಾಕುತ್ತೀರಿ ಹೇಳಿ. ನಾನು ಅಲ್ಲಿಗೆ ಹೋಗುತ್ತೇನೆ.”