ಬೇಲಿಯಾಚೆ ಬಿದ್ದ ಅಕ್ಷರ

ನದಿಯ ದಡದ ಆಶ್ರಮದಲ್ಲಿ ಒಬ್ಬ ಗುರುಗಳಿದ್ದರು. ಬಂದವರಿಗೆ ಔಷಧಿ ಕೊಟ್ಟು, ಅದನ್ನು ಬಳಸುವ ಬಗೆಯನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಎಲ್ಲರೂ ಅವರನ್ನು ಅಜ್ಜ ಎನ್ನುತ್ತಿದ್ದರು.

ವಯಸ್ಸಾಗಿ ಅಜ್ಜನ ಕೈ ನಡುಗತೊಡಗಿತು. ಭಕ್ತರೊಬ್ಬರು ಅಂಗಡಿಯಲ್ಲಿ ರಸೀದಿ ಕೊಡುವಂಥ ಪುಟ್ಟ ಪ್ರಿಂಟರ್ ತಂದುಕೊಟ್ಟರು. ಶಿಷ್ಯ ರೇವಯ್ಯ ಅದರ ಕೆಲಸ ಕಲಿತ.

"ಮೊದಲು ಕಾಗದದ ಮೇಲೆ ಕಣ್ಣಿಗೆ ಕಾಣದ ಬೇಲಿ ಹಾಕಬೇಕು ಅಜ್ಜಾ. ಎಡದಿಂದ ಇಷ್ಟು, ಮೇಲಿಂದ ಇಷ್ಟು ಅಂತ. ಚಿತ್ರವಾಗಲಿ, ಅಕ್ಷರವಾಗಲಿ ಅದರೊಳಗೇ ಕೂರಬೇಕು."

"ಹೊರಗೆ ಬಿದ್ದರೆ?"

"ಅಚ್ಚಾಗುವುದಿಲ್ಲ."

"ಬಿಟ್ಟಿದ್ದೇನೆ ಅಂತ ಹೇಳುತ್ತದೋ?"

"ಅದೆಲ್ಲಿ ಹೇಳುತ್ತದೆ? ಯಂತ್ರ ಅಲ್ಲವೇ!"

ರೇವಯ್ಯ ಚೀಟಿಯ ಮೇಲ್ತುದಿಯಲ್ಲಿ ಅಜ್ಜನ ಚಿತ್ರ ಇಟ್ಟು ಗುಂಡಿ ಒತ್ತಿದ. ಕಾಗದ ಹೊರಬಂತು. ಚಿತ್ರದಲ್ಲಿ ಮಡಿಲಿತ್ತು, ಪಾದಗಳಿದ್ದವು. ತಲೆ ಇರಲಿಲ್ಲ.

"ಅಪಶಕುನ ಅಜ್ಜಾ! ಯಂತ್ರ ಕೇಳಿದ್ದು ಚಿತ್ರದ ಬುಡ ಎಲ್ಲಿರಬೇಕು ಅಂತ. ನಾನು ತಲೆ ಎಲ್ಲಿ ಅಂತ ತಿಳಿದುಬಿಟ್ಟೆ. ತಲೆ ಬೇಲಿಯಾಚೆ ಹೋಯಿತು."

"ಬಿಡೋ. ತಲೆ ಇದ್ದಾಗ ತಾನೇ ಏನು ಮಹಾ ಮಾಡಿದೆ?" ಅಜ್ಜ ನಕ್ಕರು. "ಅಷ್ಟಕ್ಕೂ ಚಿತ್ರ ಯಾತಕ್ಕೆ?"

"ನಿಮ್ಮ ಮುಖ ಕಂಡರೆ ಜನ ಕಣ್ಣುಮುಚ್ಚಿ ನಂಬುತ್ತಾರೆ."



ಮರುದಿನ ರೇವಯ್ಯ ಚಿತ್ರವನ್ನು ಎಡಕ್ಕೆ ತಂದು, ಅಕ್ಷರಗಳನ್ನು ಬಲಕ್ಕೆ ಸರಿಸಿದ. ಈಗ ಅಜ್ಜನ ಮುಖ ನೆತ್ತಿಯಿಂದ ಗಡ್ಡದವರೆಗೆ ಸ್ಪಷ್ಟವಾಗಿ ಮೂಡಿತು.

ಆಚೆ ದಡದ ದ್ಯಾಮವ್ವ ಮೊಮ್ಮಗಳ ಕೆಮ್ಮಿಗೆ ಕರ್ಪೂರದ ಎಣ್ಣೆ ಕೇಳಿಕೊಂಡು ಬಂದಳು. ರೇವಯ್ಯ ಸೀಸೆಯನ್ನೂ ಚೀಟಿಯನ್ನೂ ಕೊಟ್ಟ.

"ಹೆಂಗ ಹಾಕೂದು ಹೇಳಪ್ಪಾ."

"ಚೀಟಿಯಲ್ಲಿ ಎಲ್ಲಾ ಇದೆ ಅವ್ವಾ. ಯಾರ ಹತ್ತಿರವಾದರೂ ಓದಿಸಿಕೋ."

ಅವಳು ದೋಣಿ ಹತ್ತಿ ಹೋದಳು. ರೇವಯ್ಯ ಅದೇ ಚೀಟಿಯ ಇನ್ನೊಂದು ಪ್ರತಿಯನ್ನು ಅಜ್ಜನ ಬಳಿ ಹೆಮ್ಮೆಯಿಂದ ತಂದ.

"ನನಗೆ ಕಣ್ಣು ಕಾಣಿಸದು. ನೀನೇ ಓದು," ಎಂದರು ಅಜ್ಜ.

"ಎದೆಗೆ ಹಚ್ಚಿರಿ. ಮಗುವಿಗೆ ಕುಡಿಸಬೇಡಿ."

"ಮನಸ್ಸಿನಲ್ಲಿದ್ದದ್ದು ಓದಿದೆ. ಕಾಗದದಲ್ಲಿದ್ದದ್ದು ಓದು."

ರೇವಯ್ಯ ಬೆರಳಿಟ್ಟು ಓದಿದ. "ಎದೆಗೆ ಹಚ್ಚಿರಿ. ಮಗುವಿಗೆ ಕುಡಿಸಬೇ..."

ಬೆರಳು ಅಲ್ಲೇ ನಿಂತಿತು. ಮುಂದೆ ಬಿಳಿ ಕಾಗದ.

"ಅಜ್ಜಾ! 'ಡಿ' ಇಲ್ಲ! ಬಲಕ್ಕೆ ಸರಿಸಿದಾಗ ಬೇಲಿಯಾಚೆ ಬಿದ್ದಿದೆ!"

"ಓಡು."

ದೋಣಿ ಆಚೆ ದಡದಲ್ಲಿತ್ತು. ರೇವಯ್ಯ ಉಟ್ಟ ಬಟ್ಟೆಯಲ್ಲೇ ನೀರಿಗೆ ಬಿದ್ದು ಈಜಿದ. ಅವನು ಮನೆ ಮುಟ್ಟುವಷ್ಟರಲ್ಲಿ ಮಗು ಕಣ್ಣು ಮೇಲೆ ಮಾಡಿ ಅದುರುತ್ತಿತ್ತು. ದ್ಯಾಮವ್ವನ ಕೈಯಲ್ಲಿ ಖಾಲಿ ಚಮಚ ಇತ್ತು.

ಮಗುವನ್ನು ಎತ್ತಿಕೊಂಡು, ಸಿಕ್ಕ ಗಾಡಿ ಹತ್ತಿ, ತಾಲ್ಲೂಕು ಆಸ್ಪತ್ರೆಗೆ ಓಡಿದರು. ಎರಡು ದಿನ ವೈದ್ಯರು ಏನೂ ಹೇಳಲಿಲ್ಲ. ಮೂರನೆಯ ದಿನ ಮಗು ಕಣ್ಣು ಬಿಟ್ಟು ಹಾಲು ಕೇಳಿತು.

ಆಸ್ಪತ್ರೆಯ ಬಾಗಿಲಲ್ಲಿ ರೇವಯ್ಯ ದ್ಯಾಮವ್ವನ ಕಾಲು ಹಿಡಿದ.

"ಬಾಜೂಮನಿ ಹುಡುಗಿ 'ಕುಡಿಸಬೇಕು' ಅಂತ ಓದಿದ್ಲಪಾ," ಎಂದಳು ಅವಳು. "ಆ ವಾಸನಿಗೆ ನನಗೂ ಅನುಮಾನ ಬಂದಿತ್ತು. ಆದ್ರ ಚೀಟಿ ಮ್ಯಾಲ ಅಜ್ಜಾರ ಮಾರಿ ಇತ್ತಲ್ಲ. ಅದನ್ನ ನೋಡಿ ಕುಡಿಸಿದೆ."

ರೇವಯ್ಯ ಆಶ್ರಮಕ್ಕೆ ಬಂದು ಅವಳ ಮಾತನ್ನು ಹಾಗೆಯೇ ಒಪ್ಪಿಸಿದ. ಅಜ್ಜ ತಮ್ಮ ಮುಖವನ್ನು ಒಮ್ಮೆ ಕೈಯಿಂದ ಸವರಿಕೊಂಡರು.

"ಚಿತ್ರ ತೆಗೆದುಹಾಕಿದ್ದೇನೆ," ಎಂದ ರೇವಯ್ಯ. ಅವನ ಬಟ್ಟೆಯ ಗಂಟು ಬಾಗಿಲ ಬಳಿ ಇತ್ತು. "ಅಜ್ಜಾ, ನಾನು ಇನ್ನು ಇಲ್ಲಿ ಇರಬೇಕೋ, ಬೇಡವೋ? ಒಂದು ಮಾತು ಹೇಳಿಬಿಡಿ."

ಅಜ್ಜ ಪ್ರಿಂಟರಿನ ಸುರುಳಿಯಿಂದ ಒಂದು ತುಂಡು ಹರಿದುಕೊಂಡರು. ನಡುಗುವ ಕೈಯಲ್ಲಿ ದೊಡ್ಡದಾಗಿ ಬರೆದರು. ಕಾಗದ ಮುಗಿಯಿತು. ಬರೆಯುವುದನ್ನು ನಿಲ್ಲಿಸಿ, ಅವನ ಕೈಗೆ ಕೊಟ್ಟರು.

"ಓದು."

ರೇವಯ್ಯ ಅಕ್ಷರಗಳ ಮೇಲೆ ಬೆರಳಿಟ್ಟ. "ಇರಬೇ..."

"ಮುಂದೆ?"

ಅವನು ಗಂಟಿನ ಕಡೆ ನೋಡಿದ. ಅಜ್ಜನ ಮುಖ ನೋಡಿದ. ಮತ್ತೆ ಕಾಗದ ನೋಡಿದ.

"ಮುಂದೇನೂ ಇಲ್ಲ ಅಜ್ಜಾ. ಇಲ್ಲಿರುವುದು ಇಷ್ಟೇ."

ಅಜ್ಜ ಕಾಗದ ಹಿಂದಕ್ಕೆ ತೆಗೆದುಕೊಂಡರು.

"ನಾಳೆಯಿಂದ ಚೀಟಿ ಓದಿಹೇಳುವವನೂ ನೀನೇ."